ಹಿತ್ತಲಿನ ಬಾತುಕೋಳಿ: ಮೊಟ್ಟೆಗೆ ಯಾವುದು, ಮರಿಗೆ ಯಾವುದು?

ಬಾತುಕೋಳಿ ಸಾಕಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ತಳಿ ತರಲಿ ಎಂಬುದು ಒಂದು, ಮರಿ ಮಾಡಿಸಲು ಯಾವ ಇನ್‌ಕ್ಯುಬೇಟರ್ ಕೊಳ್ಳಲಿ ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಡೆ ಉತ್ತರ ಹುಡುಕುತ್ತಾರೆ. ಆದರೆ ಮೊದಲನೆಯದರ ಉತ್ತರವೇ ಎರಡನೆಯದನ್ನು ನಿರ್ಧರಿಸಿಬಿಡುತ್ತದೆ. ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಹೆಚ್ಚು ಮೊಟ್ಟೆಗಾಗಿ ತಳಿ ಬೆಳೆಸಿದವರು ಕಾವಿಗೆ ಕೂರದ ಬಾತುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದರು. ವರ್ಷಕ್ಕೆ 250 ಮೊಟ್ಟೆ ಕೊಡುವ ಬಾತಿಗೆ ಅವುಗಳ ಮೇಲೆ ಕೂರುವ ವ್ಯವಧಾನವಿಲ್ಲ. ಮರಿಗಳನ್ನು ಚೆನ್ನಾಗಿ ಸಾಕಬಲ್ಲ ಬಾತು ಅರ್ಧದಷ್ಟು ಮೊಟ್ಟೆಯನ್ನೂ ಕೊಡುವುದಿಲ್ಲ. ಎರಡೂ ಗುಣ ಒಂದೇ ಹಕ್ಕಿಯಲ್ಲಿವೆ ಎಂದು ಹೇಳಿ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಮುಂದೆ ಬರೆದಿರುವುದೆಲ್ಲ ಐದರಿಂದ ಹದಿನೈದು ಬಾತು ಸಾಕುವ ಮನೆಗೆ. ನೂರಾರು ಬಾತು ಸಾಕಿ ಮಾರುವವರ ಲೆಕ್ಕಾಚಾರವೇ ಬೇರೆ.

ತಳಿಗಳು

ಮೊಟ್ಟೆಯೇ ಮುಖ್ಯವಾದರೆ ಖಾಕಿ ಕ್ಯಾಂಬೆಲ್‌ಗೆ ಸಾಟಿಯಿಲ್ಲ. ಇಂಗ್ಲೆಂಡಿನ ಗ್ಲೌಸೆಸ್ಟರ್‌ಷೈರಿನ ಅಡೆಲ್ ಕ್ಯಾಂಬೆಲ್ ಎಂಬ ಮಹಿಳೆ 19ನೇ ಶತಮಾನದ ಕೊನೆಯಲ್ಲಿ ಇಂಡಿಯನ್ ರನ್ನರ್, ರೂವಾನ್ ಮತ್ತು ಕಾಡುಬಾತುಗಳನ್ನು ಬೆರೆಸಿ ಬೆಳೆಸಿದ ತಳಿ ಇದು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ರಿಂದ 300 ಮೊಟ್ಟೆ ಕೊಡುತ್ತದೆ. ಹಿತ್ತಲಿನ ನುಚ್ಚು, ತವುಡು, ಹುಳುಹುಪ್ಪಟೆಯ ಮೇಲೆ ಸಾಕುವವರು ಅಷ್ಟು ನಿರೀಕ್ಷಿಸಬಾರದು. 200 ಬಂದರೂ ತೃಪ್ತಿಪಡಬೇಕು. ಐದು ತಿಂಗಳ ಆಸುಪಾಸಿಗೆ ಮೊಟ್ಟೆ ಶುರುವಾಗುತ್ತದೆ. ಮೊಟ್ಟೆಯ ತೂಕ 60ರಿಂದ 70 ಗ್ರಾಂ. ಕೋಳಿಗೆ ಹೋಲಿಸಿದರೆ ಇದರ ದೊಡ್ಡ ಅನುಕೂಲವೆಂದರೆ ಎರಡನೆಯ ವರ್ಷವೂ ಇಳುವರಿ ಅಷ್ಟಾಗಿ ಕುಸಿಯುವುದಿಲ್ಲ. ಮೂರನೆಯ ವರ್ಷವೂ ಇಟ್ಟುಕೊಳ್ಳಬಹುದು. ಕಾವಿಗೆ ಮಾತ್ರ ಕೂರುವುದಿಲ್ಲ. ಅಪರೂಪಕ್ಕೆ ಕೂತರೂ ಅರ್ಧಕ್ಕೇ ಎದ್ದುಹೋಗುತ್ತದೆ. ಅದನ್ನು ನಂಬಿ ಮೊಟ್ಟೆ ಹಾಳುಮಾಡಿಕೊಳ್ಳಬಾರದು.

ಕ್ಯಾಂಬೆಲ್‌ನ ಮರಿಗಳನ್ನು ಎಲ್ಲಿಂದ ತರುವುದು ಎಂಬುದಕ್ಕೆ ಕರ್ನಾಟಕದವರು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಲ್ಲಿ ಬಾತು ತಳಿ ಸಂವರ್ಧನೆಯ ಕೆಲಸ ಬಹುಕಾಲದಿಂದ ನಡೆದುಬಂದಿದೆ. ಹೋದ ದಿನವೇ ಮರಿ ಸಿಗುತ್ತದೆ ಎಂದುಕೊಳ್ಳದೆ ಮೊದಲೇ ವಿಚಾರಿಸಿಕೊಂಡು ಹೋಗುವುದು ಕ್ಷೇಮ.

ಇಂಡಿಯನ್ ರನ್ನರ್ ಬಂದಿರುವುದು ಇಂಡೋನೇಷ್ಯಾದ ದ್ವೀಪಗಳಿಂದ. ಕತ್ತೆತ್ತಿ, ನೆಟ್ಟಗೆ ನಿಂತು ಓಡುವ ಈ ಬಾತು ಬಸವನಹುಳು ಹಿಡಿಯುವುದರಲ್ಲಿ ಬಲು ಚುರುಕು. ತೋಟದಲ್ಲಿ ಹುಳುಬಾಧೆ ಇದ್ದವರಿಗೆ ಒಳ್ಳೆಯ ಆಯ್ಕೆ. ಮೊಟ್ಟೆಯಲ್ಲಿ ಕ್ಯಾಂಬೆಲ್‌ಗಿಂತ ಸ್ವಲ್ಪ ಹಿಂದೆ. ಆದರೆ ಗಾಬರಿ ಸ್ವಭಾವದ ಹಕ್ಕಿ. ನಾಯಿ ಬೊಗಳಿದರೂ ಇಡೀ ಹಿಂಡು ಮೂಲೆಗೆ ಓಡುತ್ತದೆ, ಬೆದರಿದಾಗ ಮೊಟ್ಟೆ ಇಡುವುದೂ ಏರುಪೇರಾಗುತ್ತದೆ. ಮಕ್ಕಳು, ನಾಯಿ, ಬೈಕುಗಳ ಓಡಾಟವಿರುವ ಹಿತ್ತಲಿಗೆ ನಾನಂತೂ ಸೂಚಿಸುವುದಿಲ್ಲ.

ನಾಟಿ ಬಾತುಗಳಲ್ಲಿ ಹೆಸರಾದವು ಕೇರಳದ ಕುಟ್ಟನಾಡಿನ ಚಾರ ಮತ್ತು ಚೆಂಬಳ್ಳಿ. ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಹಿಂಡುಹಿಂಡಾಗಿ ಮೇಯಿಸಿ ಬೆಳೆಸಿದ ಬಾತುಗಳಿವು. ಮೇವು ಹುಡುಕಿ ತಿನ್ನುವುದರಲ್ಲಿ ಗಟ್ಟಿ, ಮಳೆಗೂ ಸೆಕೆಗೂ ಜಗ್ಗುವುದಿಲ್ಲ. ಮೊಟ್ಟೆ ಕ್ಯಾಂಬೆಲ್‌ಗಿಂತ ಕಡಿಮೆ, ಆದರೆ ಸಾಕುವ ಖರ್ಚೂ ಕಡಿಮೆ. ಕರಾವಳಿ, ಮಲೆನಾಡಿನಲ್ಲಿ ಗದ್ದೆಯೋ ನೀರಿನ ಬಸಿಗಾಲುವೆಯಿರುವ ಅಡಿಕೆ ತೋಟವೋ ಇದ್ದವರಿಗೆ ಲೆಕ್ಕ ಹಾಕಿದರೆ ಇವೇ ಹೆಚ್ಚು ಗಿಟ್ಟುತ್ತವೆ. ನಾಲ್ಕು ಗೋಡೆಯೊಳಗೆ ಕೊಂಡ ಆಹಾರ ಹಾಕಿ ಸಾಕುವವರಿಗೆ ಕ್ಯಾಂಬೆಲ್ ಮೇಲು.

ಬಿಳಿಯ ಪೆಕಿನ್ ಮಾಂಸದ ತಳಿ. ನೋಡಲು ಚೆಂದ, ಬೇಗ ಕೊಬ್ಬುತ್ತದೆ, ಕೊಬ್ಬಿದ ಮೇಲೆ ತಿನ್ನುವುದೂ ಬಹಳ. ಮೊಟ್ಟೆಗಾಗಿ ಇದನ್ನು ತರಬೇಡಿ. ಜಾತ್ರೆ, ಸಂತೆಗಳಲ್ಲಿ ಹಳದಿ ಮರಿಯೆಂದು ಮಕ್ಕಳಿಗಾಗಿ ಕೊಂಡುತಂದು ಆಮೇಲೆ ಪೇಚಾಡುವವರ ಮನೆಯಲ್ಲಿ ಹೆಚ್ಚಾಗಿ ಇರುವುದು ಇದೇ.

ಇನ್ನು ಮಸ್ಕವಿ. ಮುಖದ ಮೇಲೆ ಕೆಂಪು ಗಂಟುಗಂಟಾದ ಚರ್ಮವಿರುವ ದೊಡ್ಡ ಬಾತು. ಕೇರಳದ ಕಡೆ ಮಣಿಲಾ ಎಂದು ಕರೆಯುತ್ತಾರೆ. ಉಳಿದೆಲ್ಲ ಸಾಕುಬಾತುಗಳ ಮೂಲ ಮಲ್ಲಾರ್ಡ್ ಎಂಬ ಕಾಡುಬಾತು. ಮಸ್ಕವಿ ಮಾತ್ರ ಅಮೆರಿಕ ಖಂಡದಿಂದ ಬಂದ ಬೇರೆಯೇ ಜಾತಿ. ಅದರ ಮೊಟ್ಟೆ ಒಡೆಯಲು 35 ದಿನ ಬೇಕು, ಉಳಿದವುಗಳದ್ದಕ್ಕೆ 28 ದಿನ ಸಾಕು. ಮಸ್ಕವಿ ಗಂಡು ಹೆಣ್ಣಿನ ಎರಡರಷ್ಟು ತೂಗುತ್ತದೆ. ಹೆಣ್ಣು ವರ್ಷಕ್ಕೆ ನೂರರ ಆಸುಪಾಸು ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ಕಾವಿಗೆ ಕೂತರೆ ಬಡಿಗೆ ತೋರಿಸಿದರೂ ಏಳುವುದಿಲ್ಲ. ಹತ್ತಾರು ಮೊಟ್ಟೆಗಳನ್ನು ಸಲೀಸಾಗಿ ಮುಚ್ಚಿ ಕೂರುವಷ್ಟು ದೇಹ ಅದಕ್ಕಿದೆ. ಕ್ವಾಕ್ ಎಂದು ಅರಚುವುದೂ ಇಲ್ಲ, ಬುಸುಗುಡುತ್ತದೆ ಅಷ್ಟೆ. ಪಟ್ಟಣದ ಬಡಾವಣೆಯಲ್ಲಿ ಪಕ್ಕದ ಮನೆಯವರೊಂದಿಗೆ ನೆಮ್ಮದಿಯಾಗಿರಬೇಕಾದರೆ ಇದೊಂದು ಗುಣಕ್ಕಾಗಿಯೇ ಮಸ್ಕವಿ ಸಾಕಬಹುದು. ಕ್ಯಾಂಬೆಲ್ ಹೆಣ್ಣುಗಳು ಬೆಳಗಿನ ಐದು ಗಂಟೆಗೇ ಸಭೆ ನಡೆಸುತ್ತವೆ. ಮಸ್ಕವಿಯ ತೊಂದರೆಯೆಂದರೆ ಹಾರುತ್ತದೆ, ಉಗುರು ಚೂಪಾಗಿದೆ, ಗಂಡು ಜಗಳಗಂಟ. ರೆಕ್ಕೆಯ ಒಂದು ಬದಿಯ ಉದ್ದ ಗರಿಗಳನ್ನು ಕತ್ತರಿಸಿದರೆ ಗೋಡೆ ಹಾರುವುದು ನಿಲ್ಲುತ್ತದೆ.

ಇಲ್ಲೊಂದು ಎಚ್ಚರಿಕೆ. ಮಸ್ಕವಿ ಗಂಡು ಮತ್ತು ಕ್ಯಾಂಬೆಲ್ ಹೆಣ್ಣು ಒಂದೇ ಹಿತ್ತಲಿನಲ್ಲಿದ್ದರೆ ಅವು ಕೂಡುತ್ತವೆ, ಮರಿಯೂ ಆಗುತ್ತದೆ. ಆ ಮರಿಗಳು ಬೇಗ ಬೆಳೆಯುತ್ತವೆ, ಆದರೆ ಅವುಗಳಿಂದ ಮುಂದೆ ಮರಿ ಆಗುವುದಿಲ್ಲ. ಹೇಸರಗತ್ತೆಯ ಹಾಗೆ, ವಂಶ ಅಲ್ಲಿಗೇ ನಿಂತಿತು. ಆದ್ದರಿಂದ ಕಾವಿಗೆಂದು ಮಸ್ಕವಿ ತರುವವರು ಹೆಣ್ಣನ್ನು ಮಾತ್ರ ತರಬೇಕು.

ಗಂಡು ಬಾತು ಬೇಕೇ ಬೇಡವೇ? ತಿನ್ನುವ ಮೊಟ್ಟೆಗೆ ಬೇಡವೇ ಬೇಡ. ಮರಿ ಮಾಡಿಸುವುದಾದರೆ ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಎರಡು ಹೆಣ್ಣಿಗೆ ಒಂದು ಗಂಡು ಬಿಟ್ಟರೆ ಆ ಹೆಣ್ಣುಗಳ ಕತ್ತಿನ ಹಿಂಭಾಗದ ಗರಿ ಉದುರಿ ಗಾಯವಾಗುತ್ತದೆ. "ಜೋಡಿ" ಎಂದು ಒಂದು ಗಂಡು, ಒಂದು ಹೆಣ್ಣು ಮಾರುವ ಪದ್ಧತಿ ಪಾರಿವಾಳಕ್ಕೆ ಸರಿ, ಬಾತಿಗಲ್ಲ.

ಮೊಟ್ಟೆ, ಮರಿ, ಬೆಳೆದ ಬಾತು: ಯಾವುದನ್ನು ತರುವುದು?

ಹೊಸಬರಿಗೆ ನನ್ನ ಸಲಹೆ ಎರಡರಿಂದ ಮೂರು ತಿಂಗಳಿನ ಬೆಳೆದ ಮರಿಗಳು. ಒಂದು ದಿನದ ಮರಿ ಅಗ್ಗ, ಆದರೆ ಅರ್ಧದಷ್ಟು ಗಂಡೇ ಬರುತ್ತವೆ, ಮೊದಲ ಮೂರು ವಾರ ಬಿಸಿ ಕೊಟ್ಟು ಕಾಯಬೇಕು. ಎಂಟು ವಾರ ದಾಟಿದರೆ ಲಿಂಗ ಗುರುತಿಸುವುದು ಸುಲಭ. ಕೈಯಲ್ಲಿ ಹಿಡಿದಾಗ ಗಟ್ಟಿಯಾಗಿ ಅರಚುವುದು ಹೆಣ್ಣು, ಗಂಟಲು ಕಟ್ಟಿದಂತೆ ಸಣ್ಣಗೆ ಕೂಗುವುದು ಗಂಡು. ಗಂಡಿನ ಬಾಲದಲ್ಲಿ ಸುರುಳಿ ಗರಿ ಮೂಡುವುದು ಅದಾದ ಮೇಲೆ. ಮಸ್ಕವಿಗೆ ಈ ಪರೀಕ್ಷೆ ನಡೆಯದು, ಅಲ್ಲಿ ಗಾತ್ರವನ್ನೇ ನೋಡಬೇಕು.

ಮೊಟ್ಟೆ ಇಡುತ್ತಿರುವ ಬಾತನ್ನೇ ಕೊಂಡರೆ ಮರುದಿನದಿಂದಲೇ ಮೊಟ್ಟೆ ಎಂಬ ಆಸೆ ಸಹಜ. ಜಾಗ ಬದಲಾದ ಬಾತು ಕೆಲವು ವಾರ ಮೊಟ್ಟೆ ನಿಲ್ಲಿಸಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ವಯಸ್ಸು. ಬೆಳೆದ ಬಾತಿನ ವಯಸ್ಸು ನೋಡಿ ಹೇಳುವುದು ಕಷ್ಟ. ಭತ್ತದ ಗದ್ದೆಗಳಿಗೆ ಹಿಂಡು ಹೊಡೆದುಕೊಂಡು ಬರುವವರು ಅಗ್ಗವಾಗಿ ಮಾರುವ ಬಾತುಗಳಲ್ಲಿ ಮೊಟ್ಟೆ ಮುಗಿದ ಮುದಿಬಾತುಗಳೇ ಹೆಚ್ಚಿರುತ್ತವೆ. ಊರಿಂದೂರಿಗೆ ಅಲೆದ ಹಿಂಡಾದ್ದರಿಂದ ರೋಗವೂ ಜೊತೆಗೆ ಬರಬಹುದು.

ಕೆರೆಯ ದಡದಲ್ಲಿ ಸಿಕ್ಕಿದ ಕಾಡುಬಾತಿನ ಮೊಟ್ಟೆಯನ್ನು ತಂದು ಕೋಳಿಗೆ ಇಡುವವರೂ ಇದ್ದಾರೆ. ವರಟೆಯಂತಹ ಕಾಡುಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮೊಟ್ಟೆ ತೆಗೆಯುವುದೂ ಅಪರಾಧ.

ಕಾವಿಗೆ ಯಾರು: ನಾಟಿಕೋಳಿ, ಮಸ್ಕವಿ, ಯಂತ್ರ?

ಇಲ್ಲಿ ಮೊದಲು ಒಂದು ಲೆಕ್ಕ ಮಾಡಿಕೊಳ್ಳಬೇಕು. ಮನೆಗೆ ಐದಾರು ಹೆಣ್ಣು ಬಾತು ಸಾಕು ಎನ್ನುವವರು ಪ್ರತಿಯೊಂದನ್ನೂ ಮೂರು ವರ್ಷ ಇಟ್ಟುಕೊಂಡರೆ, ವರ್ಷಕ್ಕೆ ಬದಲಿಸಬೇಕಾದದ್ದು ಎರಡೇ ಹೆಣ್ಣು. ಎಂಟು ಮೊಟ್ಟೆ ಕಾವಿಗಿಟ್ಟು ಐದಾರು ಮರಿಯಾದರೂ ಅವುಗಳಲ್ಲಿ ಎರಡು ಮೂರು ಹೆಣ್ಣು ಸಿಗುತ್ತವೆ. ಅಂದರೆ ವರ್ಷಕ್ಕೊಮ್ಮೆ ಒಂದು ಕೋಳಿ ಕಾವಿಗೆ ಕೂತರೆ ನಿಮ್ಮ ಅಗತ್ಯ ಮುಗಿಯಿತು. ಇಷ್ಟಕ್ಕೆ ಸಾವಿರಾರು ರೂಪಾಯಿಯ ಯಂತ್ರ ಕೊಂಡರೆ ಅದು ವರ್ಷದ ಹನ್ನೊಂದು ತಿಂಗಳು ಅಟ್ಟದ ಮೇಲಿರುತ್ತದೆ, ಇಲ್ಲವೇ ಯಂತ್ರವಿದೆಯಲ್ಲ ಎಂದು ಮರಿ ಮಾಡಿಸುತ್ತ ಹೋಗಿ ಹಿತ್ತಲು ಗಂಡು ಬಾತುಗಳಿಂದ ತುಂಬುತ್ತದೆ. ಮರಿ ಮಾರುವ ಉದ್ದೇಶವಿದ್ದರೆ ಮಾತ್ರ ಯಂತ್ರದ ಯೋಚನೆ ಮಾಡಿ.

ಯಾರು ಕಾವು ಕೊಟ್ಟರೂ ಮೊಟ್ಟೆಯ ಆಯ್ಕೆ ಒಂದೇ. ಗಂಡು ಬಾತು ಹಿಂಡಿಗೆ ಸೇರಿ ಹತ್ತು ಹನ್ನೆರಡು ದಿನವಾದ ಮೇಲಿನ ಮೊಟ್ಟೆ ಬೇಕು. ಬಿರುಕು, ಕೆಸರು ಇರಬಾರದು. ತೊಳೆದ ಮೊಟ್ಟೆಯೂ ಬೇಡ. ತೀರ ದೊಡ್ಡದರಲ್ಲಿ ಎರಡು ಭಂಡಾರವಿರುತ್ತದೆ, ಅದನ್ನು ಅಡುಗೆಮನೆಗೆ ಕಳಿಸಿ. ತಣ್ಣನೆಯ ಕೋಣೆಯಲ್ಲಿ ಚೂಪು ತುದಿ ಕೆಳಗಾಗಿ ಇಟ್ಟರೆ ವಾರದವರೆಗೆ ಕೂಡಿಡಬಹುದು. ಏಪ್ರಿಲ್, ಮೇ ಸೆಕೆಯಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಬೇಡ. ಫ್ರಿಜ್‌ನಲ್ಲಿಟ್ಟ ಮೊಟ್ಟೆಯನ್ನು ಕಾವಿಗೆ ನೆಚ್ಚಿಕೊಳ್ಳುವಂತಿಲ್ಲ. ಕೆಸರಿಲ್ಲದ ಮೊಟ್ಟೆ ಬೇಕೆಂದರೆ ಗೂಡಿನ ಮೂಲೆಯಲ್ಲಿ ಒಣಹುಲ್ಲು ಹಾಕಿ, ಬೆಳಗ್ಗೆ ಎಂಟೂವರೆ, ಒಂಬತ್ತರವರೆಗೆ ಬಾತುಗಳನ್ನು ಹೊರಗೆ ಬಿಡಬಾರದು. ಬಾತು ಮೊಟ್ಟೆ ಇಡುವುದು ನಸುಕಿನಿಂದ ಅಷ್ಟು ಹೊತ್ತಿನೊಳಗೆ. ಬೇಗ ಬಿಟ್ಟರೆ ಎಲ್ಲೆಂದರಲ್ಲಿ, ಕೆಲವೊಮ್ಮೆ ನೀರಿನೊಳಗೇ ಇಟ್ಟುಬಿಡುತ್ತದೆ.

ನಾಟಿಕೋಳಿಯ ಕಾವು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಗಿರಿರಾಜದಂತಹ ಸುಧಾರಿತ ಕೋಳಿಗಳನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ, ಹಳೆಯ ನಾಟಿ ಹೇಂಟೆಯೇ ಆಗಬೇಕು. ತನ್ನ ಹತ್ತು ಹನ್ನೆರಡು ಮೊಟ್ಟೆ ಮುಚ್ಚುವ ಹೇಂಟೆ ಬಾತಿನ ಆರರಿಂದ ಎಂಟನ್ನು ಮಾತ್ರ ಮುಚ್ಚಬಲ್ಲದು. ಕಾವಿಗೆ ಕೂತು ಮೂರು ನಾಲ್ಕು ದಿನವಾಗಿ ಗಟ್ಟಿಯಾದ ಮೇಲೆ ರಾತ್ರಿ ಹೊತ್ತು ಮೊಟ್ಟೆ ಬದಲಿಸಬೇಕು. ಕೋಳಿಗೆ 21 ದಿನದ ಕೆಲಸ, ಇಲ್ಲಿ 28 ದಿನ ಕೂರಬೇಕು. ಆ ಹೆಚ್ಚುವರಿ ವಾರದಲ್ಲಿ ಅದು ಬಡಕಲಾಗುತ್ತದೆ. ಕಾಳು, ನೀರು ಪಕ್ಕದಲ್ಲೇ ಇರಲಿ, ಮೈಯಲ್ಲಿ ಹೇನಿದ್ದರೆ ಮೊದಲೇ ನೋಡಿಕೊಳ್ಳಿ. ಹೇನು ತಡೆಯಲಾರದೆ ಎದ್ದುಹೋದ ಕೋಳಿಯನ್ನು ಬೈದು ಫಲವಿಲ್ಲ.

ಕೋಳಿಯ ಕಾವಿನಲ್ಲಿ ಎರಡು ಕೊರತೆಗಳಿವೆ. ಬಾತಿನ ಭಾರದ ಮೊಟ್ಟೆಯನ್ನು ಅದು ಸರಿಯಾಗಿ ಹೊರಳಿಸಲಾರದು, ದಿನಕ್ಕೆ ಒಂದೆರಡು ಸಲ ನಾವೇ ಹೊರಳಿಸಿ ಕೊಡಬೇಕು. ತಾಯಿಬಾತು ದಿನಕ್ಕೊಮ್ಮೆ ಎದ್ದು ನೀರಿಗೆ ಹೋಗಿ ಎದೆಯ ಗರಿ ಒದ್ದೆಮಾಡಿಕೊಂಡು ಬಂದು ಕೂರುತ್ತದೆ. ಕೋಳಿ ಒದ್ದೆಯಾಗುವುದಿಲ್ಲ. ಹಾಗಾಗಿ 15ನೇ ದಿನದಿಂದ 25ನೇ ದಿನದವರೆಗೆ, ಕೋಳಿ ಕಾಳಿಗೆ ಎದ್ದಾಗ, ಮೊಟ್ಟೆಗಳ ಮೇಲೆ ಉಗುರುಬೆಚ್ಚನೆಯ ನೀರು ಚಿಮುಕಿಸಬೇಕು.

ಮಸ್ಕವಿಯ ಕಾವಿನಲ್ಲಿ ಈ ಎರಡೂ ತಲೆನೋವಿಲ್ಲ. ಹನ್ನೆರಡರಿಂದ ಹದಿನೈದು ಕ್ಯಾಂಬೆಲ್ ಮೊಟ್ಟೆಯನ್ನು ಅದರ ಕೆಳಗಿಡಬಹುದು. 35 ದಿನ ಕೂರಲು ಸಿದ್ಧವಾದ ಹಕ್ಕಿಗೆ 28 ದಿನ ದೊಡ್ಡದೇನಲ್ಲ. ಮರಿಗಳಿಗೆ ತಾಯಿಬಾತು ಸಿಗುವುದರಿಂದ ನೀರಿನ ಭಯವೂ ಇಲ್ಲ. ಅದರ ಮೊಟ್ಟೆ, ಕ್ಯಾಂಬೆಲ್ ಮೊಟ್ಟೆ ಎರಡನ್ನೂ ಒಟ್ಟಿಗೆ ಇಡಬಾರದಷ್ಟೆ. 28ನೇ ದಿನ ಕ್ಯಾಂಬೆಲ್ ಮರಿಗಳು ಹೊರಬಂದೊಡನೆ ತಾಯಿ ಅವುಗಳ ಹಿಂದೆ ಹೊರಡುತ್ತದೆ, ಇನ್ನೊಂದು ವಾರ ಬೇಕಾದ ಮಸ್ಕವಿ ಮೊಟ್ಟೆಗಳು ತಣ್ಣಗಾಗುತ್ತವೆ. ಎರಡೂ ಬೇಕಾದರೆ ಕ್ಯಾಂಬೆಲ್ ಮೊಟ್ಟೆಗಳನ್ನು ಏಳು ದಿನ ತಡವಾಗಿ ಸೇರಿಸಿ. ಮಸ್ಕವಿ ಯಾವಾಗ ಕೂರುತ್ತದೆ ಎಂಬುದು ಅದರ ಇಷ್ಟ, ನಿಮ್ಮದಲ್ಲ ಎಂಬುದೊಂದೇ ಇದರ ಕುಂದು.

ಯಂತ್ರದ ಗುಣ ಇದಕ್ಕೆ ವಿರುದ್ಧ. ನಿಮಗೆ ಬೇಕಾದಾಗ, ಬೇಕಾದಷ್ಟು ಮೊಟ್ಟೆ. ಆದರೆ ಕಾವಲು ನಿಮ್ಮದೇ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಗ್ಗದ ಥರ್ಮೋಕೋಲ್ ಪೆಟ್ಟಿಗೆಗಳ ಪರದೆಯ ಮೇಲೆ ಕಾಣುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಜ್ವರ ನೋಡುವ ಥರ್ಮಾಮೀಟರನ್ನು ಒಳಗಿಟ್ಟು ತಾಳೆ ನೋಡಿ. ದಿನಕ್ಕೆ ನಾಲ್ಕೈದು ಸಲವಾದರೂ ಮೊಟ್ಟೆ ಹೊರಳಬೇಕು, 25ನೇ ದಿನಕ್ಕೆ ನಿಲ್ಲಿಸಬೇಕು. ಎರಡನೆಯ ವಾರದಿಂದ ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಮುಚ್ಚಳ ತೆರೆದು ಆರಲು ಬಿಡುವುದು, ನೀರು ಚಿಮುಕಿಸುವುದು ಒಳ್ಳೆಯದು. ಬೆಳೆದ ಭ್ರೂಣ ತಾನೇ ಬಿಸಿ ಹುಟ್ಟಿಸುತ್ತದೆ. ಬಾಂಗ್ಲಾದೇಶದಲ್ಲಿ ಭತ್ತದ ಹೊಟ್ಟು ತುಂಬಿದ ಕೊಳವೆಗಳಲ್ಲಿ ಬಾತಿನ ಮೊಟ್ಟೆಗೆ ಕಾವು ಕೊಡುವ ಪದ್ಧತಿ ನಿಂತಿರುವುದು ಇದರ ಮೇಲೆಯೇ. ಹಳೆಯ ಮೊಟ್ಟೆಗಳ ಬಿಸಿಯಿಂದ ಹೊಸ ಮೊಟ್ಟೆಗಳು ಬೆಚ್ಚಗಾಗುತ್ತವೆ, ವಿದ್ಯುತ್ತೇ ಬೇಡ.

ತೇವದ ವಿಷಯದಲ್ಲಿ ಹಲವರಿಗೆ ಗೊಂದಲ. ಮೊದಲ 25 ದಿನ ಶೇ 55ರಿಂದ 60, ಕೊನೆಯ ಮೂರು ದಿನ ಶೇ 70ರ ಆಸುಪಾಸು ತೇವಾಂಶ ಬೇಕು. "ನಮ್ಮದು ಉಡುಪಿ, ಮಳೆಗಾಲದಲ್ಲಿ ಗಾಳಿಯೇ ನೀರು, ಪೆಟ್ಟಿಗೆಗೆ ಇನ್ನೇಕೆ ನೀರು?" ಎಂದು ಕೇಳುತ್ತಾರೆ. 25 ಡಿಗ್ರಿಯ ಗಾಳಿಯಲ್ಲಿ ಶೇ 90 ತೇವಾಂಶವಿದ್ದರೂ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಬಿಸಿಯಾದಾಗ ತೇವಾಂಶ ಶೇ 45ರ ಹತ್ತಿರಕ್ಕೆ ಇಳಿಯುತ್ತದೆ. ಕರಾವಳಿಯ ಆಷಾಢದಲ್ಲೂ ನೀರಿನ ತಟ್ಟೆ ಬೇಕು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಎರಡು ತಟ್ಟೆ ಬೇಕಾದೀತು. ತೇವಮಾಪಕವನ್ನು ನಂಬದವರಿಗೆ ಅಡುಗೆಮನೆಯ ತಕ್ಕಡಿ ಸಾಕು. ಕಾವಿಗಿಟ್ಟ ಮೊಟ್ಟೆ 25ನೇ ದಿನಕ್ಕೆ ತನ್ನ ತೂಕದಲ್ಲಿ ಶೇ 13ರಷ್ಟು ಕಳೆದುಕೊಂಡಿರಬೇಕು. 70 ಗ್ರಾಮಿನದು 61ಕ್ಕೆ ಬಂದಿದ್ದರೆ ಸರಿ. 65ರಲ್ಲೇ ನಿಂತಿದ್ದರೆ ತೇವ ಹೆಚ್ಚಾಗಿದೆ. 58ಕ್ಕೆ ಇಳಿದಿದ್ದರೆ ಒಣಗಿದೆ. ಹತ್ತನೆಯ ದಿನ, ಹದಿನೈದನೆಯ ದಿನ ತೂಗಿ ನೋಡುತ್ತ ಹೋದರೆ ಸರಿಪಡಿಸಲು ಸಮಯವಿರುತ್ತದೆ.

ಕರೆಂಟು ಹೋಗುವುದು ಯಂತ್ರದ ನಿಜವಾದ ಶತ್ರು. ಅರ್ಧ ಗಂಟೆ ಹೋದರೆ ಪೆಟ್ಟಿಗೆ ತೆರೆಯದೆ ಕಂಬಳಿ ಹೊದಿಸಿದರೆ ಸಾಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮಲೆನಾಡಿನ ಊರುಗಳಲ್ಲಿ ಇನ್ವರ್ಟರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಇನ್ನೊಂದು ಸಣ್ಣ ಮಾತು: ಮಾರುವವರು ಹೇಳುವ "60 ಮೊಟ್ಟೆ" ಎಂಬುದು ಕೋಳಿ ಮೊಟ್ಟೆಯ ಲೆಕ್ಕ. ಬಾತಿನ ಮೊಟ್ಟೆ ಅದಕ್ಕಿಂತ ಕಡಿಮೆಯೇ ಹಿಡಿಸುತ್ತವೆ.

ಏಳನೆಯ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳ ಜಾಲ ಕಂಡರೆ ಜೀವವಿದೆ. ಏನೂ ಕಾಣದೆ ತಿಳಿಯಾಗಿದ್ದರೆ, ಬರೀ ಕೆಂಪು ಉಂಗುರವಿದ್ದರೆ ತೆಗೆದುಬಿಡಿ. ಕೆಟ್ಟ ಮೊಟ್ಟೆ ಪೆಟ್ಟಿಗೆಯೊಳಗೆ ಸಿಡಿದರೆ ಆ ವಾಸನೆಯನ್ನು ವರ್ಣಿಸುವುದು ಬೇಡ, ಉಳಿದ ಮೊಟ್ಟೆಗಳಿಗೂ ಸೋಂಕು ತಗಲುತ್ತದೆ. ಮರಿ ಮೊಟ್ಟೆಯನ್ನು ಒಳಗಿನಿಂದ ಮೊದಲ ಸಲ ಕುಟ್ಟಿ ಬಿರುಕುಬಿಟ್ಟ ಮೇಲೆ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ತೆಗೆದುಕೊಳ್ಳುತ್ತದೆ. ಕರುಣೆಯಿಂದ ಚಿಪ್ಪು ಸುಲಿಯಲು ಹೋಗಬೇಡಿ. ಒಳಗಿನ ನರಗಳಲ್ಲಿ ಇನ್ನೂ ರಕ್ತವಿರುತ್ತದೆ, ಹಳದಿ ಭಂಡಾರ ಹೊಟ್ಟೆಗೆ ಪೂರ್ತಿ ಹೋಗಿರುವುದಿಲ್ಲ.

ನನ್ನ ಪಾಲಿಗೆ ಉತ್ತರ ಹೀಗಿದೆ: ಮೊಟ್ಟೆಗೆ ಐದಾರು ಕ್ಯಾಂಬೆಲ್, ಕಾವಿಗೆ ಒಂದು ಮಸ್ಕವಿ ಹೆಣ್ಣು. ಮನೆಯಲ್ಲಿ ಆಗಲೇ ನಾಟಿಕೋಳಿ ಇದ್ದರೆ ಮಸ್ಕವಿಯೂ ಬೇಡ. ಪಟ್ಟಣದಲ್ಲಿ ಮೂರು ಬಾತು ಸಾಕುವವರು ಗಂಡನ್ನೂ ಕಾವನ್ನೂ ಮರೆತು, ಮೂರು ವರ್ಷಕ್ಕೊಮ್ಮೆ ಹೊಸ ಹೆಣ್ಣು ತಂದುಕೊಳ್ಳುವುದೇ ಅಗ್ಗ.

ಮೊದಲ ಮೂರು ವಾರ

ತಾಯಿಬಾತಿನೊಂದಿಗಿರುವ ಮರಿಗೂ ಯಂತ್ರದಿಂದ ಬಂದ ಮರಿಗೂ ಇರುವ ವ್ಯತ್ಯಾಸ ನೀರಿನಲ್ಲಿ ತಿಳಿಯುತ್ತದೆ. ತಾಯಿಯ ಮೈಗೆ ಉಜ್ಜಿಕೊಂಡು ಬೆಳೆದ ಮರಿಯ ತುಪ್ಪಳಕ್ಕೆ ಎಣ್ಣೆಯಂಶ ಅಂಟಿ ನೀರು ಜಾರುತ್ತದೆ. ಯಂತ್ರದ ಮರಿ, ಕೋಳಿ ಸಾಕಿದ ಮರಿ ನೆನೆದು ಚಳಿಹಿಡಿದು ಸಾಯುತ್ತವೆ. ಅವುಗಳನ್ನು ಗರಿ ಮೂಡುವ ತನಕ, ಅಂದರೆ ನಾಲ್ಕು ವಾರದವರೆಗೆ, ಈಜಲು ಬಿಡಬೇಡಿ. ಕುಡಿಯುವ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಒಳಗಿಳಿಯುವುದಿಲ್ಲ. ಆದರೆ ಕೊಕ್ಕಿನ ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ. ಮೊದಲ ವಾರ 30ರಿಂದ 32 ಡಿಗ್ರಿ ಬಿಸಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ: ಬಲ್ಬಿನ ಕೆಳಗೆ ಒತ್ತಿಕೊಂಡರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ. ನೆಲಕ್ಕೆ ದಿನಪತ್ರಿಕೆ ಹಾಸಬೇಡಿ, ಜಾರಿ ಕಾಲು ಅಗಲವಾಗುತ್ತದೆ. ಗೋಣಿಚೀಲ ಒಳ್ಳೆಯದು.

ಕೊಳವೋ, ಟಬ್ಬೋ?

ಮೊಟ್ಟೆ ಇಡಲು ಬಾತಿಗೆ ಈಜುಕೊಳ ಬೇಕಾಗಿಲ್ಲ. ತಲೆ ಪೂರ್ತಿ ಮುಳುಗಿಸಿ ಕಣ್ಣು, ಮೂಗು ತೊಳೆದುಕೊಳ್ಳುವಷ್ಟು ಆಳದ ಪಾತ್ರೆ ಸಾಕು. ಬೆಳೆದ ಬಾತಿಗೆ ವಾರಕ್ಕೆರಡು ಸಲ ಮೀಯಲು ಒಂದು ಸಿಮೆಂಟ್ ತೊಟ್ಟಿಯೋ ದೊಡ್ಡ ಟಬ್ಬೋ ಇದ್ದರೆ ಗರಿ ಚೆನ್ನಾಗಿರುತ್ತದೆ. ನೀರು ಒಂದೇ ದಿನದಲ್ಲಿ ಕೊಳೆಯಾಗುತ್ತದೆ, ಆ ನೀರು ಬಾಳೆ, ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ.

ಕೃಷಿಭಾಗ್ಯ ಯೋಜನೆ ಬಂದ ಮೇಲೆ ಕೃಷಿ ಹೊಂಡಗಳು ಎಲ್ಲೆಡೆ ಆಗಿವೆ, ಅಲ್ಲೇ ಬಾತು ಬಿಡೋಣ ಎನ್ನುವವರು ಬಹಳ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ದಡ ಜಾರುತ್ತದೆ. ಇಳಿದ ಬಾತು, ಅದರಲ್ಲೂ ಮರಿ, ಹತ್ತಲಾರದೆ ಸುಸ್ತಾಗಿ ಮುಳುಗಬಹುದು. ಒಂದು ಮರದ ಹಲಗೆಯೋ ಹಗ್ಗ ಕಟ್ಟಿದ ಗೋಣಿಯೋ ಇಳಿಬಿಟ್ಟರೆ ಏರಲು ದಾರಿಯಾಗುತ್ತದೆ. ಮಸ್ಕವಿಯ ಉಗುರು ಆ ಹಾಳೆಗೂ ಒಳ್ಳೆಯದಲ್ಲ.

ತಿನ್ನಿಸುವುದು

ಒಣ ಹಿಟ್ಟಿನ ಮೇವನ್ನು ಬಾತು ನುಂಗಲಾರದು, ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ. ಕಾಳಿನ ರೂಪದ ಮೇವಾಗಲಿ, ನೀರಿನಲ್ಲಿ ಉಂಡೆ ಕಟ್ಟುವಂತೆ ಕಲಸಿದ ನುಚ್ಚು, ತವುಡು, ಹಿಂಡಿಯಾಗಲಿ ಕೊಡಬೇಕು. ಬೆಳೆದ ಕ್ಯಾಂಬೆಲ್ ದಿನಕ್ಕೆ 150 ಗ್ರಾಂಗಿಂತ ಹೆಚ್ಚು ತಿನ್ನುತ್ತದೆ. ಹೊರಗೆ ಮೇಯುವ ಅವಕಾಶವಿದ್ದರೆ ಅದರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಮೀನಿನ ಪುಡಿ ಒಳ್ಳೆಯದು, ಉಪ್ಪು ಹಾಕಿದ ಒಣಮೀನು ಬೇಡ. ಮೊಟ್ಟೆಯ ಚಿಪ್ಪು ತೆಳ್ಳಗಾದರೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಿ.

ಒಂದು ವಿಷಯದಲ್ಲಿ ರಾಜಿ ಬೇಡ: ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಲು ಮೆಕ್ಕೆಜೋಳ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾಲುಸಾಲಾಗಿ ಸತ್ತಾಗ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಕಡಲೆಕಾಯಿ ಹಿಂಡಿಯ ಬೂಸ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ. ಆ ವಿಷ ಬಾತಿನ ಮರಿಗಳನ್ನು ಕೋಳಿಮರಿಗಳಿಗಿಂತ ಎಷ್ಟೋ ಬೇಗ ಕೊಲ್ಲುತ್ತದೆ. ಕೋಳಿಗೆ ಹಾಕಿದರೂ ಏನೂ ಆಗಲಿಲ್ಲ ಎಂಬ ಧೈರ್ಯದಲ್ಲಿ ಅದೇ ಚೀಲವನ್ನು ಬಾತಿಗೆ ಬಿಚ್ಚಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ಮೇವು ತನ್ನಿ.

ಕೋಳಿಮರಿಯ ಮೇವನ್ನೇ ಬಾತಿನ ಮರಿಗೆ ಹಾಕುವವರಿಗೆ ಎದುರಾಗುವ ಇನ್ನೊಂದು ತೊಂದರೆ ಕಾಲು ಸೋಲುವುದು. ನಯಾಸಿನ್ ಎಂಬ ಬಿ ಜೀವಸತ್ವ ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚು ಬೇಕು. ಮೇವಿಗೆ ಸ್ವಲ್ಪ ಯೀಸ್ಟ್ ಪುಡಿ ಬೆರೆಸಿದರೆ ಈ ಕೊರತೆ ತುಂಬುತ್ತದೆ.

ರೋಗ, ಕಳ್ಳರು

ಕೋಳಿಗಳನ್ನು ಗುಡಿಸಿಹಾಕುವ ಕೊಕ್ಕರೆ ರೋಗ ಬಾತುಗಳನ್ನು ಅಷ್ಟಾಗಿ ಕಾಡುವುದಿಲ್ಲ. ಬಾತಿನ ಪ್ಲೇಗಿಗೆ ಮಾತ್ರ ಎಂಟು ವಾರದ ನಂತರ ಲಸಿಕೆ ಹಾಕಿಸಿ, ಪಶುವೈದ್ಯರನ್ನು ಮೊದಲೇ ಕೇಳಿಡಿ. ಹಕ್ಕಿಜ್ವರದ ವಿಷಯದಲ್ಲಿ ಬಾತು ಸಾಕುವವರು ಹೆಚ್ಚು ಎಚ್ಚರವಾಗಿರಬೇಕು. ಕುಟ್ಟನಾಡಿನಲ್ಲಿ 2014ರಲ್ಲಿ, ಮತ್ತೆ 2016ರಲ್ಲಿ, 2021ರಲ್ಲಿ ಈ ರೋಗ ಬಂದು ಅಪಾರ ಸಂಖ್ಯೆಯ ಬಾತುಗಳನ್ನು ಕೊಲ್ಲಬೇಕಾಯಿತು. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿಯುವ ಕೆರೆಗೆ ನಿಮ್ಮ ಬಾತುಗಳನ್ನು ಅಟ್ಟಬೇಡಿ. ಒಂದರ ಹಿಂದೊಂದು ಸತ್ತರೆ ಕೊಯ್ದು ತಿನ್ನದೆ, ಹೂಳದೆ, ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಬಾತಿನ ಮೊಟ್ಟೆಯನ್ನು ಅರೆಬೆಂದದ್ದಾಗಿ ತಿನ್ನುವ ಚಟವೂ ಒಳ್ಳೆಯದಲ್ಲ, ಹಳದಿ ಗಟ್ಟಿಯಾಗುವ ತನಕ ಬೇಯಿಸಬೇಕು.

ಮಸ್ಕವಿಯೊಂದನ್ನು ಬಿಟ್ಟರೆ ಬಾತು ರಾತ್ರಿ ಮರದ ಕೊಂಬೆ ಹತ್ತಿ ಕೂರುವುದಿಲ್ಲ, ನೆಲದಲ್ಲೇ ಮಲಗುತ್ತದೆ. ಮುಂಗುಸಿ, ಕಾಡುಬೆಕ್ಕು, ಬೀದಿನಾಯಿಗೆ ಅದು ಸುಲಭದ ತುತ್ತು. ತಲೆಗೆ ನಾಲ್ಕು ಚದರಡಿಯಂತೆ ಗಟ್ಟಿಯಾದ ಗೂಡು ಬೇಕು, ಕಿಂಡಿಗಳಿಗೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಯಬೇಕು. ಮೊದಲ ಎರಡು ತಿಂಗಳು ಮರಿಗಳಿಗೆ ಹಗಲಿನಲ್ಲೂ ಕಾಗೆ, ಹದ್ದುಗಳ ಭಯವಿದೆ.

ಹೆಚ್ಚಾದ ಗಂಡುಗಳು, ಕಾವಿನ ಕಾಲ

ಮರಿ ಮಾಡಿಸುವ ಮೊದಲೇ ತೀರ್ಮಾನಿಸಬೇಕಾದ ಮಾತೊಂದಿದೆ. ಹುಟ್ಟುವುದರಲ್ಲಿ ಅರ್ಧ ಗಂಡು. ತಿನ್ನುವ ಮನೆಯಾದರೆ ಮೂರು ನಾಲ್ಕು ತಿಂಗಳಿಗೆ ಅವು ಅಡುಗೆಗೆ ಸಲ್ಲುತ್ತವೆ, ಇಲ್ಲವೇ ಸಂತೆಗೆ. ಎರಡೂ ಮನಸ್ಸಿಗೆ ಒಗ್ಗದವರು ಮರಿ ಮಾಡಿಸುವುದನ್ನೇ ಬಿಟ್ಟು ಹೆಣ್ಣು ಬಾತುಗಳನ್ನು ಕೊಂಡುತರುವುದು ಲೇಸು. ಗಂಡುಗಳನ್ನೆಲ್ಲ ಇಟ್ಟುಕೊಂಡು ಸಾಕುತ್ತೇನೆ ಎಂಬ ದಯೆಯ ಫಲವನ್ನು ಅನುಭವಿಸುವುದು ಹೆಣ್ಣು ಬಾತುಗಳು.

ಕಾವಿಗೆ ಇಡುವ ಕಾಲ ಊರಿನ ಮೇಲೆ ಹೋಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಯ ಬಿರುಸು ಇಳಿದ ಸೆಪ್ಟೆಂಬರ್, ಅಕ್ಟೋಬರ್ ಅನುಕೂಲ. ಆಗ ಒಡೆದ ಮರಿಗಳು ಒಣನೆಲದಲ್ಲಿ ಬೆಳೆದು ಮಾರ್ಚ್, ಏಪ್ರಿಲ್ ಹೊತ್ತಿಗೆ ಮೊಟ್ಟೆಗೆ ಬರುತ್ತವೆ. ಉತ್ತರ ಕರ್ನಾಟಕದ ಬಯಲಿನಲ್ಲಿ ಏಪ್ರಿಲ್, ಮೇ ತಿಂಗಳನ್ನು ಪೂರ್ತಿ ಬಿಟ್ಟುಬಿಡಬೇಕು. ಕೋಣೆಯೇ 40 ಡಿಗ್ರಿ ಇರುವಾಗ ಯಂತ್ರ ಬಿಸಿ ಮಾಡಬಲ್ಲದೇ ಹೊರತು ತಣ್ಣಗೆ ಮಾಡಲಾರದು.